ಎರಡು ತಟ್ಟೆ, ಒಂದು ಅಡ್ಡಿಲ್ಲ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಸೊನ್ನೆಯನ್ನು ಹುಡುಕುವ ಉದ್ಯೋಗದಲ್ಲಿದ್ದೆ. ಸಿಕ್ಕಿತೇ ಎಂದು ಕೇಳಬಾರದು. ಹತ್ತಿರ ಹೋಗಿ ಬಂದದ್ದುಂಟು. ಸಂಬಳವನ್ನು ಹತ್ತಿರ ಹೋದದ್ದಕ್ಕೇ ಕೊಡುತ್ತಿದ್ದರು.

ಈಗ ಇದೇ ಕೆಲಸಕ್ಕೆ ಸೇರುವ ಮಕ್ಕಳು ಕೆಲವರು ಮಣಿಪಾಲದಿಂದ ಕಾಪುವಿನ ನಮ್ಮ ಮನೆಯವರೆಗೆ ಬಂದು, ಅನಲಾಗ್ ಡಿಸೈನ್, ಎಂದರೆ ಸಿಲಿಕಾನ್ ಚಿಪ್ಪಿನೊಳಗೆ ಸರ್ಕ್ಯೂಟು ಕಟ್ಟುವ ಕೆಲಸ, ನಿಜವಾಗಿ ಹೇಗಿರುತ್ತದೆ, ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿ ಎನ್ನುತ್ತಾರೆ. ಪುಸ್ತಕದಲ್ಲಿ ಇರುವುದನ್ನೇ ನಾನು ಪೂರ್ತಿ ಓದಿಲ್ಲವಾದ್ದರಿಂದ ಯಾವುದು ಇಲ್ಲ ಎಂದು ಹೇಳುವುದು ಕಷ್ಟ. ಆದರೂ ಬರೆಯುತ್ತೇನೆ. ಬಡ್ತಿಗಳ ವಿಷಯ ಬಿಡುತ್ತೇನೆ. ಅವು ಸರ್ವಿಸ್ ಬಸ್ಸಿನ ಹಾಗೆ, ಬರುವಾಗ ಬಂದವು. ಜಾಗ ಇದ್ದಲ್ಲಿ ಕುಳಿತೆ.

ಮೊದಲು ತಿಳಿಯಬೇಕಾದದ್ದು, ನೀವು ಎಂತ ಕೆಲಸ ಮಾಡುತ್ತೀರಿ ಎಂಬುದು ಊರಿಗೆ ಎಂದೂ ತಿಳಿಯುವುದಿಲ್ಲ. ನಾನು ಆಂಪ್ಲಿಫೈಯರ್ ಮಾಡುವವನು ಎಂದು ನನ್ನ ತಾಯಿ ಯಾರಿಗೋ ಹೇಳಿದ್ದರ ಫಲವಾಗಿ, ಎಲ್ಲೂರಿನ ಸಂಬಂಧಿಕರ ಮದುವೆಯಲ್ಲಿ ಮೈಕ್ ಸೆಟ್ ಕೈಕೊಟ್ಟಾಗ ನನ್ನನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಆ ಪೆಟ್ಟಿಗೆಯೊಳಗಿನ ಒಂದೊಂದು ಟ್ರಾನ್ಸಿಸ್ಟರು ನನ್ನ ಹೆಬ್ಬೆರಳಿನಷ್ಟು ದಪ್ಪ. ನಾನು ಸಾಕಿದ ಟ್ರಾನ್ಸಿಸ್ಟರುಗಳು ಆ ಹೆಬ್ಬೆರಳಿನ ಉಗುರಿನ ಮೇಲೆ ಲಕ್ಷಗಟ್ಟಲೆ ಕೂರುವಂಥವು. ನಾನು ಗಂಭೀರವಾಗಿ ಪೆಟ್ಟಿಗೆಯನ್ನು ನೋಡಿದೆ, ಅದೂ ನನ್ನನ್ನು ನೋಡಿತು. ಕಡೆಗೆ ಮೈಕಿನವನು ಬಂದು ಅದರ ಬದಿಗೆ ಒಂದು ಬಿಟ್ಟ; ವಾಲಗ ಮೊಳಗಿತು. ಇಷ್ಟೆಲ್ಲ ಓದಿ ಎಂತ ಪ್ರಯೋಜನ ಮಾರಾಯ ಎಂದು ಯಾರೋ ಅಂದದ್ದು ಮೈಕಿನಲ್ಲೇ ಕೇಳಿಸಿತು.

ನನ್ನ ಕೆಲಸ ಇಷ್ಟೇ. ಚಿಪ್ಪಿನೊಳಗಿನ ಆಂಪ್ಲಿಫೈಯರಿನ ಬಾಗಿಲಲ್ಲಿ ಎರಡು ಟ್ರಾನ್ಸಿಸ್ಟರುಗಳು ದ್ವಾರಪಾಲಕರಂತೆ ನಿಂತಿರುತ್ತವೆ. ಎಡದವನ ಕೈಯಲ್ಲಿ ಒಂದು ತಂತಿ, ಬಲದವನ ಕೈಯಲ್ಲಿ ಇನ್ನೊಂದು. ಎರಡು ತಂತಿಗಳ ನಡುವಿನ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವನ್ನು ದೊಡ್ಡದು ಮಾಡಿ ಹೇಳುವುದು ಆಂಪ್ಲಿಫೈಯರಿನ ಧರ್ಮ. ಎರಡೂ ಸಮ ಇದ್ದರೆ ಅದು ಸೊನ್ನೆ ಎನ್ನಬೇಕು. ಎನ್ನುವುದಿಲ್ಲ. ಅವಳಿಗಳಾಗಿ ಹುಟ್ಟಿಸಿದ ಆ ಇಬ್ಬರೂ ನಿಜವಾಗಿ ಒಂದೇ ತರ ಇರುವುದಿಲ್ಲ. ಒಬ್ಬ ಸ್ವಲ್ಪ ಚುರುಕು, ಒಬ್ಬ ಸ್ವಲ್ಪ ಸೋಮಾರಿ. ಹಾಗಾಗಿ ಏನೂ ಇಲ್ಲದಿರುವಾಗಲೂ ಆಂಪ್ಲಿಫೈಯರು ಏನೋ ಉಂಟು ಎನ್ನುತ್ತದೆ. ಇಲ್ಲದ್ದನ್ನು ಉಂಟು ಎನ್ನುವ ಈ ಗುಣಕ್ಕೆ ನಮ್ಮಲ್ಲಿ ಆಫ್‌ಸೆಟ್ ಎಂದು ಹೆಸರು. ಮನುಷ್ಯರಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ.

ನಾನು ಸೇರಿದ ಕಾಲದಲ್ಲಿ ಇದಕ್ಕೆ ಮದ್ದು ಸುಲಭವಿತ್ತು: ಇಬ್ಬರನ್ನೂ ದೊಡ್ಡದು ಮಾಡು. ದೊಡ್ಡ ಪಾತ್ರೆಯ ಸಾರಿನಿಂದ ಎರಡು ಕೊಡ ತೆಗೆದರೆ ಎರಡರಲ್ಲೂ ಸಾಸಿವೆ ಹೆಚ್ಚುಕಡಿಮೆ ಒಂದೇ ಲೆಕ್ಕಕ್ಕೆ ಬರುತ್ತದೆ. ಎರಡು ಚಮಚ ತೆಗೆದರೆ ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಒಂದೂ ಇಲ್ಲ. ಟ್ರಾನ್ಸಿಸ್ಟರಿಗೂ ಅದೇ ನ್ಯಾಯ. ತೊಂದರೆ ಏನೆಂದರೆ, ತಪ್ಪು ಅರ್ಧವಾಗಬೇಕಾದರೆ ಜಾಗ ನಾಲ್ಕು ಪಟ್ಟು ಬೇಕು. ಚಿಪ್ಪುಗಳು ವರ್ಷವರ್ಷವೂ ಸಣ್ಣವಾಗುತ್ತ ಬಂದು ಕಡೆಗೆ ಎಲ್ಲವೂ ಚಮಚದ ಸಾಸಿವೆಯಾಯಿತು. ಆಗ ನಾವು ಹೋಲದ ಜೋಡಿಯನ್ನು ಹೋಲುವಂತೆ ಮಾಡುವ ಹಟ ಬಿಟ್ಟು, ಹೋಲದಿದ್ದರೂ ಸಂಸಾರ ನಡೆಸುವ ಆಂಪ್ಲಿಫೈಯರನ್ನು ಕಟ್ಟಲು ಕಲಿತೆವು.

ಇದರ ಮೊದಲ ಪಾಠ ನನಗೆ ಆದದ್ದು ಕಾಪುವಿನ ಪೇಟೆಯಲ್ಲಿ, ಹಸನಬ್ಬನವರ ಅಂಗಡಿಯಲ್ಲಿ. ಅವರದ್ದು ಬೆಲ್ಲ, ಕೊಬ್ಬರಿ, ಒಳ್ಳೆಮೆಣಸಿನ ವ್ಯಾಪಾರ. ಹೆಬ್ರಿ ಕಡೆಯಿಂದ ಬರುವ ಒಳ್ಳೆಮೆಣಸನ್ನು ಅವರು ತೂಗುತ್ತಿದ್ದದ್ದು ತಂದೆಯ ಕಾಲದ ಹಿತ್ತಾಳೆಯ ತಕ್ಕಡಿಯಲ್ಲಿ. ಅದರ ದಂಡಿಗೆ ಒಂದು ಬದಿಗೆ ಕೂದಲೆಳೆಯಷ್ಟು ಉದ್ದ ಎಂದು ಅವರಿಗೇ ಗೊತ್ತಿತ್ತು. ಅದಕ್ಕೇ ಒಂದು ಕಿಲೋ ಕೇಳಿದರೆ ಅರ್ಧ ಕಿಲೋವನ್ನು ಎಡದ ತಟ್ಟೆಯಲ್ಲಿ ತೂಗುವರು. ಮತ್ತೆ ಕಲ್ಲನ್ನು ಎಡಕ್ಕಿಟ್ಟು ಉಳಿದರ್ಧವನ್ನು ಬಲದ ತಟ್ಟೆಯಲ್ಲಿ ತೂಗುವರು. ಒಂದು ಅರ್ಧದಲ್ಲಿ ನಾಲ್ಕು ಕಾಳು ಹೆಚ್ಚು ಹೋದರೆ ಇನ್ನೊಂದರಲ್ಲಿ ನಾಲ್ಕು ಕಾಳು ಕಡಿಮೆ. ತಕ್ಕಡಿಯ ಸುಳ್ಳು ತನ್ನನ್ನು ತಾನೇ ತಿಂದುಕೊಂಡು ಹೋಗುತ್ತಿತ್ತು.

ನಾವು ಚಿಪ್ಪಿನಲ್ಲಿ ಮಾಡುವುದೂ ಇದನ್ನೇ. ಒಂದು ಗಡಿಯಾರದ ತಾಳಕ್ಕೆ, ಸೆಕೆಂಡಿಗೆ ಸಾವಿರಾರು ಸಲ, ಎಡಬಲದ ತಂತಿಗಳನ್ನು ಅದಲುಬದಲು ಮಾಡುತ್ತೇವೆ. ಬದಲಿಸಿದಾಗ ತಿರುಗಿ ಬೀಳುವುದು ನಿಜವಾದ ಸಂಕೇತ. ಎಷ್ಟು ಬದಲಿಸಿದರೂ ತಿರುಗದೆ ಹಾಗೇ ಉಳಿಯುವುದು ಆಂಪ್ಲಿಫೈಯರಿನ ಸ್ವಂತ ದೋಷ. ಅದನ್ನು ಸೋಸಿ ಬಿಸಾಡುತ್ತೇವೆ. ಇದಕ್ಕೆ ಚಾಪರ್ ಎಂದು ಹೆಸರಿಟ್ಟು ಜನ ಪಿಎಚ್.ಡಿ. ಪಡೆದಿದ್ದಾರೆ. ಹಸನಬ್ಬನವರು ಪಡೆಯಲಿಲ್ಲ, ಅವರಿಗೆ ಅಂಗಡಿ ಬಿಟ್ಟು ಹೋಗಲು ಪುರುಸೊತ್ತಿರಲಿಲ್ಲ.

ಇನ್ನು ವಾರಿಜಳ ವಿಷಯ. ಅವಳು ಮಣಿಪಾಲದ ನಮ್ಮ ಆಫೀಸಿಗೆ ಗುತ್ತಿಗೆಯ ಮೇಲೆ ಲೇಔಟ್ ಕೆಲಸಕ್ಕೆ ಬಂದವಳು. ನಾನು ಕಾಗದದ ಮೇಲೆ ಆಂಪ್ಲಿಫೈಯರ್ ಬರೆದರೆ, ಸಿಲಿಕಾನಿನ ಮೇಲೆ ಯಾವ ಟ್ರಾನ್ಸಿಸ್ಟರು ಎಲ್ಲಿ ಕೂರಬೇಕು, ಯಾವ ತಂತಿ ಎಲ್ಲಿ ಹರಿಯಬೇಕು ಎಂದು ಬಿಡಿಸುವುದು ಲೇಔಟಿನವರು. ಕಾರ್ಕಳದಿಂದ ಹಿರಿಯಡ್ಕದ ಮೇಲೆ ಬರುವ ಬಸ್ಸಿನಲ್ಲಿ ದಿನವೂ ಬರುತ್ತಿದ್ದಳು. ತಂದೆ ಕಲ್ಲಿನ ಕೆಲಸದ ಶಿಲ್ಪಿ. ಬಂದ ಮೊದಲ ವಾರವೇ ನನ್ನ ಟ್ರಾನ್ಸಿಸ್ಟರು ಜೋಡಿಯಲ್ಲಿ ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ ಮಲಗಿದ್ದನ್ನು ನೋಡಿ ಇದನ್ನು ತಿರುಗಿಸಿ ಇಡಲಾ ಎಂದು ಕೇಳಿದಳು. ಯಾಕೆ ಎಂದದ್ದಕ್ಕೆ, ಅಪ್ಪ ದೇವಸ್ಥಾನಕ್ಕೆ ದ್ವಾರಪಾಲಕರ ಜೋಡಿ ಕೆತ್ತುವಾಗ ಎರಡನ್ನೂ ಒಂದೇ ಬಂಡೆಯಿಂದ, ಪದರ ಎತ್ತ ಮಲಗಿದೆಯೋ ಅತ್ತಲೇ ಮಲಗಿಸಿ ತೆಗೆಯುತ್ತಾರೆ, ಇಲ್ಲದಿದ್ದರೆ ಹತ್ತು ಮಳೆಗಾಲದಲ್ಲಿ ಒಬ್ಬನ ಮೂಗು ಸವೆಯುತ್ತದೆ ಅಂದಳು. ಈ ನಿಯಮ ನಮ್ಮ ಕೈಪಿಡಿಯಲ್ಲೂ ಇತ್ತು. ಮೂಗಿನ ವಿಷಯ ಇರಲಿಲ್ಲ.

ಅವಳ ಪಕ್ಕ ಕುಳಿತು ಪರದೆ ನೋಡುವುದು ನನ್ನ ಉದ್ಯೋಗದ ದೊಡ್ಡ ಸುಖವಾಗಿತ್ತು. ಹಸಿರು, ನೀಲಿ, ಕೆಂಪು ಪಟ್ಟಿಗಳು. ದೂರ ಸರಿಸಿದರೆ ಎತ್ತರದಿಂದ ಕಂಡ ಗದ್ದೆಗಳ ಹಾಗೆ, ಹತ್ತಿರ ಎಳೆದರೆ ಯಾವುದೋ ನಿರ್ಜನ ಪಟ್ಟಣದ ಬೀದಿಗಳ ಹಾಗೆ. ಕಿಟಕಿಯಾಚೆ ಮಣಿಪಾಲದ ಇಳಿಜಾರು, ಕೆಳಗೆ ಹೊಳೆಯ ತಿರುವು, ಅದರಾಚೆ ಎಲ್ಲೋ ಒಂದು ಬಿಳಿ ಗೆರೆ. ಅದು ಸಮುದ್ರವೋ ಆಕಾಶದ ಅಂಚೋ ಎಂದು ಮೂವತ್ತು ವರ್ಷದಲ್ಲಿ ತೀರ್ಮಾನವಾಗಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಪರದೆಯ ಗದ್ದೆಗೂ ಕಿಟಕಿಯ ಗದ್ದೆಗೂ ನಡುವೆ ನಾನು ತೇಲುತ್ತಿದ್ದದ್ದುಂಟು. ಅದನ್ನು ನಿದ್ದೆ ಎಂದವರೂ ಇದ್ದಾರೆ.

ವಾರಿಜ ಹೆಚ್ಚು ಮಾತಾಡುವವಳಲ್ಲ. ಅವಳ ಮಾತಿನ ಮುಕ್ಕಾಲು ಪಾಲು ಒಂದೇ ಶಬ್ದ: ಅಡ್ಡಿಲ್ಲ. ಈ ಶಬ್ದದ ಬಗ್ಗೆ ಹೊರಗಿನಿಂದ ಬರುವವರಿಗೆ ಎಚ್ಚರಿಕೆ ಕೊಡುವುದು ನನ್ನ ಕರ್ತವ್ಯ. ನಮ್ಮ ಕಡೆ ಊಟ ಬಹಳ ಚೆನ್ನಾಗಿದ್ದರೂ ಅಡ್ಡಿಲ್ಲ, ಉಪ್ಪು ಮರೆತಿದ್ದರೂ ಅಡ್ಡಿಲ್ಲ. ಹುಡುಗಿ ಒಪ್ಪಿಗೆಯಾದರೂ ಅಡ್ಡಿಲ್ಲ, ಒಪ್ಪಿಗೆಯಾಗದೆ ಅದನ್ನು ಹೇಳಲು ಸಂಕೋಚವಾದರೂ ಅಡ್ಡಿಲ್ಲ. ಅಡ್ಡಿ ಉಂಟಾ ಎಂದು ಕೇಳುವವರು ಬೇಕಾದಷ್ಟು ಇದ್ದಾರೆ. ಅಡ್ಡಿ ಉಂಟು ಎಂದು ಉತ್ತರ ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡದ್ದಿಲ್ಲ. ಇದೆಲ್ಲ ಗೊತ್ತಿದ್ದೂ ಗುಂಡಿಗೆ ಬಿದ್ದವನು ನಾನು. ಹೊರಗಿನವನಾಗಿದ್ದರೆ ಕ್ಷಮೆ ಇತ್ತು.

ಆಗ ನಾವು ಮಾಡುತ್ತಿದ್ದದ್ದು ಎಲೆಕ್ಟ್ರಾನಿಕ್ ತಕ್ಕಡಿಗೆ ಬೇಕಾದ ಚಿಪ್ಪು. ಹಸನಬ್ಬನವರ ಒಳ್ಳೆಮೆಣಸಿನ ನಾಲ್ಕು ಕಾಳಿನ ಭಾರವನ್ನು ಆಲಿಸಬಲ್ಲ ಆಂಪ್ಲಿಫೈಯರು. ಎಡಬಲ ಬದಲಿಸುವ ಗಡಿಯಾರದ ತಂತಿಯನ್ನು ವಾರಿಜ ದೊಡ್ಡ ಸುತ್ತು ಹಾಕಿ ತಂದು, ಇಬ್ಬರು ದ್ವಾರಪಾಲಕರಿಗೂ ಸಮದೂರದಲ್ಲಿ ನಡುವೆ ಹಾಯಿಸಿದ್ದಳು. ಅದಕ್ಕೆ ಒಂದು ಪಟ್ಟಿ ಜಾಗ ಹೆಚ್ಚು ಹೋಗಿತ್ತು. ಚಿಪ್ಪನ್ನು ತಯಾರಿಕೆಗೆ ಕಳಿಸಲು ನಾಲ್ಕು ದಿನ ಇತ್ತು. ನಾನು ಅವಳ ಕುರ್ಚಿಯ ಹಿಂದೆ ನಿಂತು ಆ ತಂತಿಯನ್ನು ಎಡಕ್ಕೆ ಸರಿಸಿಬಿಟ್ಟರೆ ಒಂದು ಪಟ್ಟಿ ಉಳಿಯುತ್ತದಲ್ಲ, ಅಡ್ಡಿ ಉಂಟಾ ಎಂದು ಕೇಳಿದೆ. ಅವಳು ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. ಅಡ್ಡಿಲ್ಲ ಸರ್ ಅಂದಳು. ಆ ಸ್ವಲ್ಪ ಹೊತ್ತು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಕಿಟಕಿಯಲ್ಲಿ ಒಂದು ಹದ್ದು ಗಾಳಿಯ ಮೇಲೆ ಅಲ್ಲಾಡದೆ ನಿಂತಿತ್ತು. ಅದು ರೆಕ್ಕೆ ಬಡಿಯುವ ಮೊದಲೇ ನಾನು ನನ್ನ ಮೇಜಿಗೆ ಹೋಗಿ ಪರಿಶೀಲನೆಯ ಟಿಪ್ಪಣಿಯಲ್ಲಿ ಬರೆದೆ: ಲೇಔಟಿಗೆ ವಾರಿಜರವರ ಒಪ್ಪಿಗೆ ಇದೆ. ತಂತಿ ಎಡಕ್ಕೆ ಸರಿಯಿತು.

ಮೂರು ತಿಂಗಳಾದ ಮೇಲೆ ಚಿಪ್ಪು ಬಂತು. ಬೆಳಿಗ್ಗೆ ಸೊನ್ನೆ ಮಾಡಿ ಕೂರಿಸಿದರೆ, ಮಧ್ಯಾಹ್ನ ಬಿಸಿಲೇರುವ ಹೊತ್ತಿಗೆ ಖಾಲಿ ತಟ್ಟೆಯ ಮೇಲೆ ಮೂರು ಗ್ರಾಮ್ ತೋರಿಸುತ್ತಿತ್ತು. ಏನೋ ಬಂದು ಕೂತಿದೆ, ನಮಗೆ ಕಾಣುತ್ತಿಲ್ಲ ಎಂಬ ಹಾಗೆ. ಇನ್ನೊಂದು ಸಲ ಮಾಡಿಸಲು ಗಿರಾಕಿಗಳು ಒಪ್ಪಿದರು, ಅದೇ ಕಡೆಯದು ಎಂದರು. ನಮ್ಮ ಮುಖ್ಯಸ್ಥರು ನಂಜುಂಡಯ್ಯನವರು, ಮೈಸೂರಿನ ಕಡೆಯವರು. ತಪ್ಪಿಗೆ ಮೂಲ ಕಾರಣ ಮತ್ತು ಕಾರಣರಾದವರ ಹೆಸರು ಬರೆಯುವ ನಮೂನೆಯೊಂದು ಅವರಲ್ಲಿತ್ತು. ಗುರುವಾರ ಸಭೆ ಕರೆದರು. ಅದೇ ಸಭೆಯಲ್ಲಿ ವಾರಿಜಳನ್ನು ಕಾಯಂ ಮಾಡುವುದೋ, ಗುತ್ತಿಗೆ ಮುಗಿಯಿತೆಂದು ಕಳಿಸುವುದೋ ಎಂಬುದೂ ನಿಶ್ಚಯವಾಗಬೇಕಿತ್ತು. ಲೇಔಟಿನಲ್ಲಿ ತಪ್ಪಿರಬೇಕು ಎಂಬ ಮಾತು ಆಗಲೇ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಟಿಪ್ಪಣಿಯಲ್ಲಿ ಅವಳ ಒಪ್ಪಿಗೆ ನನ್ನ ಅಕ್ಷರದಲ್ಲಿ ಇತ್ತು.

ಆ ಭಾನುವಾರ ನಾನು ಒಳ್ಳೆಮೆಣಸಿಗೆಂದು ಹಸನಬ್ಬನವರಲ್ಲಿ ಹೋದೆ. ಆಗ ಅವರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯೂ ಬಂದಿತ್ತು. ಅದರ ಮೇಲೆ ಪೇಪರು ಓದಲು ಇಟ್ಟಿದ್ದರು. ನನ್ನ ಮುಖ ನೋಡಿ ಎಂತ ಎಂದು ಕೇಳಿದರು. ನಾನು ಹೇಳಿದೆ: ತಟ್ಟೆ ಬದಲಿಸುವ ನಿಮ್ಮ ಉಪಾಯವನ್ನೇ ಮಾಡಿದ್ದೇವೆ, ಆದರೂ ತೂಕ ತಪ್ಪುತ್ತದೆ. ಅವರು ಬೆಲ್ಲ ಮುಟ್ಟಿದ್ದ ಕೈಯನ್ನು ಬಟ್ಟೆಗೆ ಉಜ್ಜಿ ಉಜ್ಜಿ ಒರೆಸಿ, ಆಮೇಲೆ ತಟ್ಟೆ ಎತ್ತಿದರು. ನಾವು ಮಾತಾಡುವುದು ತುಳುವಿನಲ್ಲಿ. ಅವರು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ತಟ್ಟೆ ಬದಲಿಸಿದರೆ ತಕ್ಕಡಿಯ ಸುಳ್ಳು ಹೋಗ್ತದೆ ಶೆಟ್ರೇ. ಬದಲಿಸುವ ಕೈಯ ಸುಳ್ಳು ಹೋಗುವುದಿಲ್ಲ. ಕೈಯಲ್ಲಿ ಬೆಲ್ಲ ಉಂಟಾದರೆ ಬದಲಿಸಿದಷ್ಟೂ ಸಲ ಅಂಟುತ್ತದೆ."

ನಾನು ಒಳ್ಳೆಮೆಣಸನ್ನು ಅಲ್ಲೇ ಮರೆತು ಬಂದೆ. ಮಂಗಳವಾರ ಬೆಳಿಗ್ಗೆ ಗಡಿಯಾರವನ್ನು ಅರ್ಧಕ್ಕರ್ಧ ನಿಧಾನ ಮಾಡಿ ನೋಡಿದೆ. ತಪ್ಪೂ ಅರ್ಧವಾಯಿತು. ಕಾಲು ಮಾಡಿದೆ, ಕಾಲಾಯಿತು. ಅಂದರೆ ಬದಲಿಸುವ ಕೈಯೇ ತಪ್ಪಿತಸ್ಥ. ನಾನು ಎಡಕ್ಕೆ ಸರಿಸಿದ ತಂತಿ ಪ್ರತಿ ಸಲ ಮಿಡಿಯುವಾಗಲೂ ತನಗೆ ಹತ್ತಿರವಿದ್ದ ಎಡದ ದ್ವಾರಪಾಲಕನ ಕಿವಿಯಲ್ಲಿ ಚೂರು ಪಿಸುಗುಟ್ಟುತ್ತಿತ್ತು; ಬಲದವನಿಗೆ ಕೇಳಿಸುತ್ತಿರಲಿಲ್ಲ. ಬಿಸಿಯೇರಿದ ಹಾಗೆ ಪಿಸುಮಾತೂ ಜೋರು. ಸೆಕೆಂಡಿಗೆ ಸಾವಿರಾರು ಪಿಸುಮಾತು ಸೇರಿ ಮೂರು ಗ್ರಾಮ್.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಮಂಗಳವಾರ ನನಗೆ ಗೊತ್ತಾಯಿತು. ಗುರುವಾರದವರೆಗೆ ನಾನು ಯಾರಿಗೂ ಹೇಳಲಿಲ್ಲ. ಹೇಳದಿರಲು ಘನವಾದ ಕಾರಣಗಳನ್ನು ಒಟ್ಟುಮಾಡಿದೆ: ಇನ್ನೂ ಹತ್ತು ಚಿಪ್ಪು ನೋಡಬೇಕು, ಸಭೆಯಲ್ಲೇ ಹೇಳಿದರೆ ಕ್ರಮಬದ್ಧ, ಅವಳು ಅಡ್ಡಿಲ್ಲ ಎಂದದ್ದಂತೂ ಹೌದು. ಬುಧವಾರ ಸಂಜೆ ಬಸ್ಸಿಗೆ ಹೊರಟವಳು ನನ್ನ ಮೇಜಿನ ಬಳಿ ನಿಂತು ಕಾರಣ ಸಿಕ್ಕಿತಾ ಸರ್ ಎಂದು ಕೇಳಿದಳು. ನೋಡ್ತಾ ಇದ್ದೇನೆ ಎಂದೆ. ನನ್ನ ಹಿಂದಿನ ಪರದೆಯಲ್ಲಿ ಕಾಲುಭಾಗಕ್ಕಿಳಿದ ತಪ್ಪಿನ ಗೆರೆ ನಿಚ್ಚಳವಾಗಿ ಹರಿದಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಅಡ್ಡಿಲ್ಲ ಅಂದಳು, ಹೋದಳು.

ಗುರುವಾರ ನಂಜುಂಡಯ್ಯನವರು ನನ್ನ ಟಿಪ್ಪಣಿಯನ್ನೇ ಗಟ್ಟಿಯಾಗಿ ಓದಿ, ಲೇಔಟಿಗೆ ಒಪ್ಪಿಗೆ ಕೊಟ್ಟವರು ನೀವು ತಾನೇನಮ್ಮ ಎಂದು ಅವಳನ್ನು ಕೇಳಿದರು. ಅವಳು ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದಳು. ಎರಡನ್ನೂ ಒಂದೇ ದಿಕ್ಕಿಗೆ, ಸಮವಾಗಿ ಇಟ್ಟುಕೊಂಡಿದ್ದಳು. ಬಾಯಿ ತೆರೆದಿದ್ದರೆ ಯಾವ ಶಬ್ದ ಬರುತ್ತಿತ್ತು ಎಂದು ನನಗೆ ಗೊತ್ತಿತ್ತು.

"ಅವಳು ಒಪ್ಪಿದ್ದಲ್ಲ ಸರ್," ಎಂದೆ ನಾನು. "ಅಡ್ಡಿಲ್ಲ ಅಂದದ್ದು. ಒಪ್ಪಿಗೆ ಅಂತ ಬರೆದದ್ದು ನಾನು. ತಂತಿ ಸರಿಸಿದ್ದೂ ನಾನು. ತಪ್ಪು ಆ ತಂತಿಯಲ್ಲಿ ಉಂಟು. ಮಂಗಳವಾರವೇ ನನಗೆ ಗೊತ್ತಾಗಿದೆ."

ನಂಜುಂಡಯ್ಯನವರು ಪೆನ್ನು ಕೆಳಗಿಟ್ಟರು. "ಅಡ್ಡಿಲ್ಲ ಅಂದ್ರೆ ಏನು ಶೆಟ್ಟರೇ? ಹೌದೋ, ಅಲ್ಲವೋ?"

"ಕೇಳಿದವರು ಯಾರು ಅನ್ನುವುದರ ಮೇಲೆ ಉಂಟು ಸರ್."

ಅವರು ಮತ್ತೆ ಪೆನ್ನು ಎತ್ತಿಕೊಂಡು, ಕಾರಣರಾದವರ ಅಂಕಣದಲ್ಲಿ ನನ್ನ ಹೆಸರು ಬರೆದರು. ಮೂಲ ಕಾರಣದ ಅಂಕಣದಲ್ಲಿ ಏನು ಬರೆಯುವುದು ಎಂದು ತಿಳಿಯದೆ ನನ್ನನ್ನೇ ಕೇಳಿದರು. ತಂತಿಯ ವಿಷಯ ಬರೆಯಿರಿ ಎಂದೆ. ಇನ್ನೊಂದಕ್ಕೆ ನಮೂನೆಯಲ್ಲಿ ಜಾಗ ಇರಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು. ಒಳ್ಳೆಯ ಕಾಗದ, ಇನ್ನೂ ಇಟ್ಟಿದ್ದೇನೆ. ವಾರಿಜಳಿಗೆ ಕಾಯಂ ಆದ ಪತ್ರ ಬಂತು.

ಅಂದು ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. ನಿನಗೆ ಆಗಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ನಡೆಯುತ್ತಲೇ ಅಂದಳು:

"ನೀವು ಕೇಳಿದ್ದು ಅಡ್ಡಿ ಉಂಟಾ ಅಂತ ಸರ್. ಅದಕ್ಕೆ ಬೇರೆ ಉತ್ತರ ಉಂಟಾ?"

ಹಿರಿಯಡ್ಕದ ಬಸ್ಸು ಅವಳನ್ನು ಕರೆದುಕೊಂಡು ಹೋಯಿತು. ನಾನು ಅಲ್ಲೇ ನಿಂತಿದ್ದೆ. ಇಳಿಜಾರಿನ ಕೆಳಗೆ ಆ ಬಿಳಿ ಗೆರೆ ಸಮುದ್ರದ ಹಾಗೆಯೇ ಕಾಣುತ್ತಿತ್ತು. ತಂತಿ ಸರಿಸೋಣವಾ ಎಂದರೆ ಅಡ್ಡಿಲ್ಲ. ಹೀಗೇ ಬಿಡೋಣವಾ ಎಂದಿದ್ದರೂ ಅಡ್ಡಿಲ್ಲವೇ ಬರುತ್ತಿತ್ತು. ಪ್ರಶ್ನೆಯನ್ನು ತಿರುಗಿಸಿದರೂ ತಿರುಗದ ಉತ್ತರ ತಂತಿಯ ಬಗ್ಗೆ ಅಲ್ಲ. ಅದು ನನ್ನ ವಯಸ್ಸು, ನನ್ನ ಕುರ್ಚಿ, ಅವಳ ಹಿಂದೆ ನಾನು ನಿಂತ ರೀತಿ. ಅಂದರೆ ಆಫ್‌ಸೆಟ್. ಅಷ್ಟು ವರ್ಷ ಅದನ್ನು ಚಿಪ್ಪಿನಲ್ಲಿ ಅಳೆದವನಿಗೆ ಕೈಯಲ್ಲಿ ಬೆಲ್ಲ ಇದ್ದದ್ದು ಕಾಣಲಿಲ್ಲ.

ಅಂದಿನಿಂದ ನಮ್ಮ ಕೋಣೆಯಲ್ಲಿ ಏನನ್ನು ಕೇಳುವುದಿದ್ದರೂ ಎರಡು ಸಲ ಕೇಳುವ ಕ್ರಮವಾಯಿತು. ಒಮ್ಮೆ ಈ ತಟ್ಟೆಯಲ್ಲಿ, ಒಮ್ಮೆ ಆ ತಟ್ಟೆಯಲ್ಲಿ. ಎರಡಕ್ಕೂ ಅಡ್ಡಿಲ್ಲ ಎಂದು ಬಂದರೆ ಕೇಳಿದವನು ಎದ್ದು ಹೊರಗೆ ಹೋಗಿ ಚಾ ಕುಡಿದು ಬರಬೇಕು, ಬೇರೆ ಯಾರಾದರೂ ಕೇಳಬೇಕು. ನಾನು ಆ ವರ್ಷ ಕುಡಿದಷ್ಟು ಚಾ ಮತ್ತೆಂದೂ ಕುಡಿಯಲಿಲ್ಲ. ವಾರಿಜ ತಂತಿಯನ್ನು ಮತ್ತೆ ನಡುವಿಗೆ ತಂದಳು. ಎರಡನೆಯ ಚಿಪ್ಪು ಬಂದಾಗ ಖಾಲಿ ತಟ್ಟೆಯನ್ನು ಇಡೀ ಮಧ್ಯಾಹ್ನ ನೋಡುತ್ತ ಕುಳಿತೆವು. ಬಿಸಿಲೇರಿತು, ಇಳಿಯಿತು, ಸೊನ್ನೆ ಸೊನ್ನೆಯಾಗಿಯೇ ಇತ್ತು. ಅಷ್ಟು ಹೊತ್ತು ಏನೂ ಆಗದಿರುವುದನ್ನು ನೋಡಿ ಅಷ್ಟು ಸಂತೋಷಪಟ್ಟವರು ಉಡುಪಿ ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು.

ಈಗ ಆ ಕೋಣೆಯ ಮುಖ್ಯಸ್ಥೆ ಅವಳೇ. ಕಳೆದ ವಾರ ಕಾಪುವಿಗೆ ಬಂದಾಗ ಈ ಬರಹವನ್ನು ಓದಲು ಕೊಟ್ಟೆ. ಜಗಲಿಯಲ್ಲಿ ಕುಳಿತು, ಲೇಔಟ್ ನೋಡುವ ಹಾಗೆ, ಸಾಲು ಸಾಲಾಗಿ ಓದಿದಳು. ನಮ್ಮ ಹಳೆಯ ಕ್ರಮದಂತೆ ಎರಡು ಸಲ ಕೇಳಿದೆ. ಹೀಗೇ ಇಡಲಾ ಎಂದೆ. ಅಡ್ಡಿಲ್ಲ ಅಂದಳು. ಮಂಗಳವಾರದಿಂದ ಗುರುವಾರದವರೆಗೆ ನಾನು ಸುಮ್ಮನಿದ್ದದ್ದನ್ನು ತೆಗೆದುಬಿಡಲಾ, ಓದುವ ಮಕ್ಕಳಿಗೆ ಅದು ಯಾಕೆ ಎಂದೆ.

ಅವಳು ಹಾಳೆಗಳ ಅಂಚನ್ನು ಸಮ ಮಾಡಿ ನನ್ನ ಕೈಗೆ ಕೊಟ್ಟಳು.

"ಅದನ್ನು ತೆಗೆದರೆ ಅಡ್ಡಿ ಉಂಟು, ಸರ್."

ತೆಗೆಯಲಿಲ್ಲ.